ಗೇಟಿನಿಂದ ಒಳಗೆ

ಕೇಳುಗರೇ, ನಮಸ್ಕಾರ.

ನಾನು ಮದ್ದೂರು ಕಡೆಯವನು. 19ನೇ ವಯಸ್ಸಿಗೆ ಸೇನೆಗೆ ಸೇರಿದೆ. ಹವಾಲ್ದಾರ್ ಆಗಿ ಊರಿಗೆ ಬಂದಾಗ ನನಗೆ 43. ಮಗಳು ಪಿಯುಸಿ, ಮಗ ಏಳನೇ ಕ್ಲಾಸು. ಊರವರು 'ರಿಟೈರ್ ಆದ್ರಿ, ಇನ್ನು ಆರಾಮ ಬಿಡಿ' ಅಂದರು. ಪಿಂಚಣಿ ಬರುತ್ತದೆ, ನಿಜ. ಆದರೆ ಮಕ್ಕಳ ಓದು ಮುಗಿಯುವವರೆಗೆ ಅದೊಂದೇ ಸಾಲುತ್ತದಾ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಗೆ ಕೆಲಸ ಕೇಳಲು ಹೋದೆ. ಅಲ್ಲಿದ್ದವರು ನನ್ನ ಫೈಲ್ ತೆರೆಯಲೇ ಇಲ್ಲ. 'ಮಿಲಿಟ್ರಿಯವರಾ? ಸೆಕ್ಯೂರಿಟಿಗೆ ಸೇರ್ಕೊಳ್ಳಿ' ಅಂದರು. ಸೇರಿದೆ. ಹತ್ತು ತಿಂಗಳು ಗೇಟಿನಲ್ಲಿ ನಿಂತೆ. ಅದು ಕೀಳು ಕೆಲಸ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಅದು ನಾನು ಕಲಿತ ಕೆಲಸ ಅಲ್ಲ.

ನಾನು ಕಲಿತದ್ದು ಸ್ಟೋರ್. ಲಡಾಖಿನಲ್ಲಿದ್ದಾಗ ಗಾಡಿಗಳ ಬಿಡಿಭಾಗ ನನ್ನ ಕೈಯಲ್ಲಿತ್ತು. ಆಗ ಚಳಿಗಾಲಕ್ಕೆ ಲಡಾಖಿನ ದಾರಿಯ ಜೋಜಿಲಾ ಕಣಿವೆಯಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುತ್ತಿತ್ತು. ತಿಂಗಳುಗಟ್ಟಲೆ ಲಾರಿ ಬರುತ್ತಿರಲಿಲ್ಲ. ಯಾವ ಬೇರಿಂಗ್ ಎಷ್ಟು ಬೇಕು, ಯಾವ ಫಿಲ್ಟರ್ ಎಷ್ಟು ಸವೆಯುತ್ತದೆ, ಎಲ್ಲ ಬೇಸಿಗೆಯಲ್ಲೇ ಲೆಕ್ಕ ಹಾಕಿ ತರಿಸಿಡಬೇಕಿತ್ತು. ಒಂದು ತಪ್ಪಿದರೂ ಗಾಡಿ ನಿಂತಲ್ಲೇ ನಿಲ್ಲುತ್ತಿತ್ತು. ಇಷ್ಟೆಲ್ಲ ಮಾಡಿದವನು ಬಯೋಡೇಟಾದಲ್ಲಿ ಏನು ಬರೆದಿದ್ದೆ ಗೊತ್ತಾ? 'ಸೇನಾ ಸೇವೆ, 24 ವರ್ಷ.' ಅಷ್ಟೇ.

ಪರಿಚಯದ ಸುಬೇದಾರ್ ಒಬ್ಬರು ಆ ಸಾಲನ್ನು ಪೆನ್ನಿನಲ್ಲಿ ಹೊಡೆದು ಹಾಕಿದರು. ಎಷ್ಟು ಬಗೆಯ ಸಾಮಾನು, ಎಷ್ಟು ಗಾಡಿ, ಎಷ್ಟು ಜನ ನಿನ್ನ ಕೈಕೆಳಗೆ, ಅದನ್ನು ಬರಿ ಅಂದರು. ಆ ಹಾಳೆ ಹಿಡಿದು ಬೇರೆ ಕಂಪನಿಗೆ ಹೋದೆ. ಈಗ ಅಲ್ಲೇ ಸ್ಟೋರ್ ಸೂಪರ್‌ವೈಸರ್, ಇದು ಆರನೇ ವರ್ಷ.

ಸೇನೆಯಿಂದ ಹೊರಬರಲು ಒಂದು ವರ್ಷ ಉಳಿದಿರುವ ತಮ್ಮಂದಿರೇ, ಈಗಲೇ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ಗ್ರೂಪ್ ಸಿ, ಅಂದರೆ ಗುಮಾಸ್ತರಂಥ ಹುದ್ದೆಗಳಲ್ಲಿ ಮಾಜಿ ಸೈನಿಕರಾದ ನಮಗೆ ನೂರಕ್ಕೆ 10 ಮೀಸಲು. ವಯಸ್ಸು ಮೀರಿತು ಅಂತ ಸುಮ್ನೆ ಕೂರಬೇಡಿ. ಸೇವೆ ಮಾಡಿದ ವರ್ಷಗಳನ್ನು ಕಳೆದು, ಮೇಲೆ 3 ವರ್ಷ ರಿಯಾಯಿತಿ ಕೊಡುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮಾಡಿದ್ದರೆ, ಡಿಗ್ರಿ ಕೇಳುವ ಎಷ್ಟೋ ಗ್ರೂಪ್ ಸಿ ಹುದ್ದೆಗಳಿಗೂ ಅರ್ಹರು. ಒಂದು ಎಚ್ಚರ. ಈ ಮೀಸಲಾತಿಯಲ್ಲಿ ಒಮ್ಮೆ ಕೇಂದ್ರದ ಕೆಲಸಕ್ಕೆ ಸೇರಿದರೆ ಅದು ಅಲ್ಲಿಗೆ ಮುಗಿಯಿತು. ಬೇರೆ ಕಡೆ ಮೊದಲೇ ಹಾಕಿದ ಅರ್ಜಿಗಳಿದ್ದರೆ, ಸೇರಿದ ಕೂಡಲೇ ಅವನ್ನೆಲ್ಲ ಬರೆದು ಕಚೇರಿಗೆ ಕೊಡಿ. ಆಗ ಮಾತ್ರ ಅವುಗಳಿಗೆ ಮೀಸಲಾತಿ ಉಳಿಯುತ್ತದೆ. ಇದು ಗೊತ್ತಿಲ್ಲದೆ ಸಿಕ್ಕಿದ ಮೊದಲ ಕೆಲಸ ಹಿಡಿದು ಆಮೇಲೆ ಕೈಕೈ ಹಿಸುಕಿಕೊಳ್ಳುವವರೇ ಜಾಸ್ತಿ.

2022ರಲ್ಲಿ ಶುರುವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಸೇನೆಗೆ ಸೇರಿದ ಹುಡುಗರ ಯೋಚನೆ ನನಗೆ ಇನ್ನೂ ಹೆಚ್ಚು. ಆ ಅವಧಿ ಮುಗಿದ ಮೇಲೆ ನೂರರಲ್ಲಿ ಹೆಚ್ಚೆಂದರೆ 25 ಜನ ಸೇನೆಯಲ್ಲಿ ಉಳಿಯುತ್ತಾರೆ. ಹೊರಬರುವ ಮಿಕ್ಕವರಿಗೆ ಪಿಂಚಣಿ ಇಲ್ಲ. ಇಪ್ಪತ್ತಮೂರು, ಇಪ್ಪತ್ನಾಲ್ಕರ ಆ ಹುಡುಗರ ಮುಂದೆ ಇಡೀ ದುಡಿಮೆಯ ಬದುಕು ಇದೆ.

ಕೆಲಸ ಕೊಡುವ ಯಜಮಾನರಲ್ಲಿ ನನ್ನದೊಂದು ಕೋರಿಕೆ. ಸೇನೆ ಬಿಡುವಾಗ ಕೊಡುವ ನಮ್ಮ ಡಿಸ್ಚಾರ್ಜ್ ಬುಕ್ಕಿನಲ್ಲಿ ಟ್ರೇಡ್, ಅಂದರೆ ನಾವು ಅಲ್ಲಿ ಮಾಡಿದ ಕೆಲಸ ಯಾವುದು ಅಂತ ಬರೆದಿರುತ್ತದೆ. ಗೇಟಿನ ಕಡೆ ಕೈ ತೋರಿಸುವ ಮೊದಲು ಅದನ್ನು ಓದಿ. ಅರ್ಥವಾಗದಿದ್ದರೆ ಎದುರಿಗೆ ಕೂತವನನ್ನೇ ಕೇಳಿ. ಅವನು ಹೇಳುತ್ತಾನೆ.

ನಮಸ್ಕಾರ.