ಮೂರನೇ ಹಾಡಿಗೆ ಭುಜದ ಮೇಲೊಂದು ಕೈ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ವಿಷಯ ಮಾತಾಡಬೇಕು. ತುಂಬಾ ದಿನದಿಂದ ಮನಸ್ಸಲ್ಲೇ ಇಟ್ಟುಕೊಂಡಿದ್ದೆ.

ಮ್ಯೂಸಿಕ್ ಫೆಸ್ಟಿವಲ್‌ಗಳಲ್ಲಿ ಫೋಟೋ ತೆಗೆಯುವ ನಮಗೆಲ್ಲ ಒಂದು ನಿಯಮ ಇದೆ. ಮೊದಲ ಮೂರು ಹಾಡು, ಫ್ಲ್ಯಾಶ್ ಇಲ್ಲ. ಸ್ಟೇಜಿಗೂ ಜನರನ್ನು ತಡೆಯುವ ಬ್ಯಾರಿಕೇಡಿಗೂ ನಡುವೆ ಒಂದು ಇಕ್ಕಟ್ಟಾದ ಓಣಿ ಇರುತ್ತದೆ, ಅದನ್ನು ಪಿಟ್ ಅನ್ನುತ್ತೇವೆ. ಮೂರನೇ ಹಾಡು ಮುಗಿದ ಕೂಡಲೇ ಸೆಕ್ಯೂರಿಟಿಯವರು ಬಂದು ಭುಜ ತಟ್ಟುತ್ತಾರೆ, ನಾವೆಲ್ಲ ಸಾಲಾಗಿ ಹೊರಗೆ. ಒಳಗೆ ಇನ್ನೂ ಒಂದು ಗಂಟೆ ಕಾರ್ಯಕ್ರಮ ಬಾಕಿ ಇರುತ್ತದೆ.

ಫ್ಲ್ಯಾಶ್ ಬೇಡ ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಡುವವರ ಕಣ್ಣಿಗೆ ಹತ್ತು ಕಡೆಯಿಂದ ಬೆಳಕು ಹೊಡೆದರೆ ಅವರು ಹಾಡುವುದಾದರೂ ಹೇಗೆ? ನನ್ನ ತಕರಾರು ಇರುವುದು ಆ ಮೂರು ಹಾಡಿನ ಲೆಕ್ಕದ ಬಗ್ಗೆ.

ಮೂರು ಹಾಡು ಅಂದರೆ ಸುಮಾರು 10ರಿಂದ 12 ನಿಮಿಷ. ಪಂಕ್ ಬ್ಯಾಂಡ್ ಆದರೆ ಒಂದೊಂದು ಹಾಡು 2 ನಿಮಿಷಕ್ಕೆ ಮುಗಿದುಹೋಗುತ್ತದೆ, ಆಗ 6 ನಿಮಿಷದಲ್ಲಿ ನಮ್ಮ ಕೆಲಸವೂ ಮುಗಿಯಿತು. ಮೊದಲ ಹಾಡಿಗೆ ಹೊಗೆ ಜಾಸ್ತಿ, ಮುಖದ ಮೇಲೆ ಬೆಳಕೇ ಇರುವುದಿಲ್ಲ. ಎರಡನೆಯದಕ್ಕೆ ಸ್ಟೇಜ್ ಪೂರ್ತಿ ಕೆಂಪು ಎಲ್‌ಇಡಿ. ಈ ಕೆಂಪು ಬೆಳಕಿನಷ್ಟು ಕಾಟ ಇನ್ಯಾವುದೂ ಕೊಡುವುದಿಲ್ಲ ನೋಡಿ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ನಲ್ಲಿ ಕೆಂಪು ಒಂದೇ ತುಂಬಿ ತುಳುಕುತ್ತದೆ, ಹಸಿರು, ನೀಲಿಯಲ್ಲಿ ಹೆಚ್ಚುಕಮ್ಮಿ ಏನೂ ಉಳಿಯುವುದಿಲ್ಲ, ಮೂಗು ಯಾವುದು ಕೆನ್ನೆ ಯಾವುದು ಅಂತಾನೇ ಗೊತ್ತಾಗುವುದಿಲ್ಲ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ, 3200, ಒಮ್ಮೊಮ್ಮೆ 6400. ಅಪರ್ಚರ್, ಅಂದರೆ ಲೆನ್ಸ್‌ನ ಕಿಂಡಿ, ಅಗಲವಾಗಿ ತೆರೆದು ಎಫ್ 2.8. ಶಟರ್ 1/250 ಸೆಕೆಂಡಿಗಿಂತ ನಿಧಾನವಾದರೆ ಡ್ರಮ್ ಬಾರಿಸುವವರ ಕೈ ಮಸುಕು, ಜಾಸ್ತಿ ವೇಗ ಮಾಡಿದರೆ ಕೆಲವು ಎಲ್‌ಇಡಿಗಳ ಮಿನುಗು ಫೋಟೋ ತುಂಬಾ ಅಡ್ಡಪಟ್ಟೆ ಎಳೆಯುತ್ತದೆ. ಇದನ್ನೆಲ್ಲ ಸರಿ ಮಾಡಿಕೊಂಡು, ಪಕ್ಕದವರ ಮೊಣಕೈ ತಪ್ಪಿಸಿಕೊಂಡು, ಹಾಡುವವರು ಮೈಕ್‌ನಿಂದ ಒಂದು ಗೇಣು ಹಿಂದೆ ಸರಿದು ಉಸಿರು ಎಳೆದುಕೊಳ್ಳುವ ಆ ಚೂರು ಹೊತ್ತಿಗೆ ಕಾಯಬೇಕು, ಯಾಕೆಂದರೆ ಮೈಕ್ ಬಾಯಿಗೆ ಅಂಟಿಕೊಂಡಿದ್ದಾಗ ತೆಗೆದರೆ ಅರ್ಧ ಮುಖ ಕಾಣುವುದೇ ಇಲ್ಲ. ಕೈ ಕುದುರಿತು ಅನ್ನುವಷ್ಟರಲ್ಲಿ ಭುಜದ ಮೇಲೆ ಆ ಕೈ ಬಂತು.

ಹಾಂ, ಹೊಸದಾಗಿ ಪಿಟ್‌ಗೆ ಇಳಿಯುವವರಿಗೆ ಒಂದು ಮಾತು. ಕಿವಿಗೆ ಇಯರ್‌ಪ್ಲಗ್ ಇಲ್ಲದೆ ಹೋಗಲೇಬೇಡಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅನ್ನುವ ಲೆಕ್ಕದಲ್ಲಿ, 100 ಡೆಸಿಬಲ್‌ಗೆ ಸಿಗುವುದು ಬರೀ 15 ನಿಮಿಷ. ನಾವು ನಿಲ್ಲುವುದು ಸ್ಪೀಕರ್ ಪಕ್ಕದಲ್ಲೇ.

ಸರಿ, ವಿಷಯಕ್ಕೆ ಬರುತ್ತೇನೆ. ಸಮಯ ಕಮ್ಮಿ ಅನ್ನುವುದನ್ನಾದರೂ ಸಹಿಸಿಕೊಳ್ಳಬಹುದು. ಮೊದಲ ಮೂರು ಹಾಡಿನಲ್ಲಿ ಕಲಾವಿದರು ಇನ್ನೂ ಬಿಸಿಯಾಗಿರುವುದಿಲ್ಲ, ನನ್ನ ನಿಜವಾದ ಸಂಕಟ ಅದು. ತಲೆ ಬಾಚಿದ್ದು ಬಾಚಿದ ಹಾಗೇ ಇರುತ್ತದೆ. ಅಂಗಿ ಒಣಗಿರುತ್ತದೆ. ಒಬ್ಬರು ತಮ್ಮ ಹಾಡು ತಮಗೇ ಕೇಳಿಸಲು ಕಿವಿಯಲ್ಲಿಟ್ಟ ಪುಟ್ಟ ಸ್ಪೀಕರ್, ಅಂದರೆ ಮಾನಿಟರ್, ಸರಿ ಮಾಡಿಕೊಳ್ಳುತ್ತಿರುತ್ತಾರೆ, ಇನ್ನೊಬ್ಬರು ಸೌಂಡ್ ನೋಡಿಕೊಳ್ಳುವವರಿಗೆ ಬೆರಳೆತ್ತಿ ಜಾಸ್ತಿ ಕೊಡಿ ಅಂತ ಸನ್ನೆ ಮಾಡುತ್ತಿರುತ್ತಾರೆ. ಅವರ ಗಮನ ಇನ್ನೂ ಹಾಡಿನೊಳಗೆ ಇಳಿದಿರುವುದಿಲ್ಲ.

ಒಮ್ಮೆ ಹೀಗಾಯಿತು. ಪಿಟ್‌ನಿಂದ ಹೊರಗೆ ಕಳಿಸಿ ಮುಕ್ಕಾಲು ಗಂಟೆ ಆಗಿತ್ತು. ಕ್ಯಾಮೆರಾ ಬ್ಯಾಗ್‌ನಲ್ಲಿಡಬೇಕು, ಜಿಪ್ ಹಾಕಿರಬೇಕು ಅಂತ ಕಟ್ಟಪ್ಪಣೆ. ನಾನು ಜನರ ಹಿಂದೆ ನಿಂತಿದ್ದೆ. ಮಳೆ ಶುರುವಾಯಿತು. ಗಿಟಾರ್ ತಂತಿಗಳೆಲ್ಲ ಒದ್ದೆ. ಹಾಡುತ್ತಿದ್ದ ಹೆಂಗಸು ಹಾಡು ನಿಲ್ಲಿಸಿ, ಸ್ಟೇಜಿನ ತುದಿಗೆ ಬಂದು ಕಾಲು ಇಳಿಬಿಟ್ಟು ಕೂತು, ತನ್ನ ಅಂಗಿಯ ತುದಿಯಿಂದ ಒಂದೊಂದೇ ತಂತಿ ಒರೆಸತೊಡಗಿದರು. ಅವರು ಆರನೇ ತಂತಿಗೆ ಬರುವ ಹೊತ್ತಿಗೆ ಮುಂದಿದ್ದ ಜನ ಆ ಹಾಡನ್ನು ತಾವೇ ಎತ್ತಿಕೊಂಡಿದ್ದರು. ಆ ಹೆಂಗಸು ತಲೆ ಎತ್ತಿ ನೋಡಿದರು, ಬಾಯಿ ಅರ್ಧ ತೆರೆದಿತ್ತು, ರೆಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ನನ್ನ ಹತ್ತಿರ ಅದರ ಫೋಟೋ ಇಲ್ಲ. ಸುತ್ತ ಸಾವಿರ ಮೊಬೈಲ್‌ಗಳು ಮೇಲೆದ್ದಿದ್ದವು, ಆ ಬೆಳಕಿಗೆ ಸರಿಯಾದ ಲೆನ್ಸ್ ಇದ್ದದ್ದು ಜಿಪ್ ಹಾಕಿದ ನನ್ನ ಬ್ಯಾಗ್‌ನಲ್ಲಿ.

ಹಳೆಯದನ್ನು ನೆನಪಿಸಿಕೊಳ್ಳಿ. 1967ರ ಜೂನ್‌ನಲ್ಲಿ ಅಮೆರಿಕದ ಮಾಂಟೆರೇ ಪಾಪ್ ಫೆಸ್ಟಿವಲ್‌ನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮೊಣಕಾಲೂರಿ ಗಿಟಾರಿಗೆ ಬೆಂಕಿ ಇಟ್ಟ ಫೋಟೋ ನೀವೆಲ್ಲ ನೋಡಿರುತ್ತೀರಿ. ಅದನ್ನು ತೆಗೆದ ಎಡ್ ಕಾರಾಫ್‌ಗೆ ಆಗ ಬರೀ 17 ವರ್ಷ, ಸ್ಟೇಜ್ ಮುಂದೆ ಒಂದು ಕುರ್ಚಿ ಹತ್ತಿ ನಿಂತಿದ್ದ ಹುಡುಗ. 1979ರಲ್ಲಿ ನ್ಯೂಯಾರ್ಕ್‌ನ ಪಲೇಡಿಯಂ ಸಭಾಂಗಣದಲ್ಲಿ ಬ್ರಿಟನ್ನಿನ ಪಂಕ್ ಬ್ಯಾಂಡ್ ದಿ ಕ್ಲ್ಯಾಶ್‌ನ ಪಾಲ್ ಸಿಮೊನನ್ ತನ್ನ ಬೇಸ್ ಗಿಟಾರನ್ನು ನೆಲಕ್ಕೆ ಬಡಿದದ್ದನ್ನು ಪೆನ್ನಿ ಸ್ಮಿತ್ ತೆಗೆದರು. ಫೋಕಸ್ ಸರಿ ಇಲ್ಲ, ಇದು ಬೇಡ ಅಂತ ಅವರೇ ಹೇಳಿದ್ದರು, ಕೊನೆಗೆ ಅದೇ ಅವರ ‘ಲಂಡನ್ ಕಾಲಿಂಗ್’ ಆಲ್ಬಮ್‌ನ ಮುಖಪುಟವಾಯಿತು. ಇವೆರಡೂ ನಡೆದದ್ದು ಯಾವಾಗ? ಕಾರ್ಯಕ್ರಮ ಮುಗಿಯುವ ಹೊತ್ತಿಗೆ. ಇವತ್ತಿನ ನಿಯಮ ಅಂದು ಇದ್ದಿದ್ದರೆ ಇಬ್ಬರೂ ಅಷ್ಟರಲ್ಲಿ ಹೊರಗಿರುತ್ತಿದ್ದರು, ಅಲ್ವಾ?

ಈ ನಿಯಮ ಯಾಕೆ ಅಂದರೆ, ಬೆವರು ಇಳಿದು ಮೇಕಪ್ ಕರಗಿದ ಮುಖ ಹೊರಗೆ ಬರುವುದು ಬೇಡ ಅಂತ ಕಲಾವಿದರ ಮ್ಯಾನೇಜರ್‌ಗಳು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಆ ಬೆವರಿಗೇ ಜನ ದುಡ್ಡು ಕೊಟ್ಟು ಬಂದಿರುವುದು. ಇನ್ನೊಂದು ಮಾತಿದೆ, ಅದು ನ್ಯಾಯವಾದದ್ದು. ಬೆಳಗ್ಗೆಯಿಂದ ನಿಂತು ಮುಂದಿನ ಸಾಲು ಹಿಡಿದವರು ಕಾರ್ಯಕ್ರಮದ ಉದ್ದಕ್ಕೂ ನಮ್ಮ ತಲೆ ನೋಡುತ್ತಾ ಯಾಕೆ ಇರಬೇಕು? ಖಂಡಿತ ಇರಬಾರದು. ನಾವು ಬಗ್ಗಿ ಕೆಲಸ ಮಾಡೋಣ, ಒಂದು ಮೂಲೆಗೆ ಸರಿಯೋಣ, ಒಂದು ಸಲಕ್ಕೆ ಐದೇ ಜನ ಬಿಡಿ.

ಆಯೋಜಕರೇ, ಪೂರ್ತಿ ಕಾರ್ಯಕ್ರಮ ತೆಗೆಯಲು ಅವಕಾಶ ಕೊಡಿ ಅಂತ ನಾನು ಕೇಳುತ್ತಿಲ್ಲ. ಮೊದಲ ಮೂರು ಹಾಡು ನೀವೇ ಇಟ್ಟುಕೊಳ್ಳಿ, ಅಲ್ಲಿವರೆಗೆ ನಾನು ಬ್ಯಾಗ್ ಮುಚ್ಚಿಕೊಂಡು ಸುಮ್ನೆ ಗೇಟ್ ಹತ್ತಿರ ಕಾಯುತ್ತೇನೆ. ಕೊನೆಯದೊಂದಕ್ಕೆ ಒಳಗೆ ಬಿಡಿ.