ಬಿಡಿ ಸಿಗರೇಟು, ಅಗ್ಗದ ಬೀಡಿ

ಕೇಳುಗರಿಗೆ ನಮಸ್ಕಾರ.

2026ರ ಫೆಬ್ರುವರಿ 1ರಿಂದ ಸಿಗರೇಟಿನ ತೆರಿಗೆ ಲೆಕ್ಕ ಬದಲಾಗಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಪಾನ್ ಅಂಗಡಿಗಳ ಮುಂದೆ ಕಿವಿಗೊಟ್ಟು ನಿಂತರೆ ಈ ಬಗ್ಗೆ ಎರಡು ಬಗೆಯ ಮಾತು ಕೇಳಿಸುತ್ತದೆ. ಸರ್ಕಾರ ನಮ್ಮ ಜೇಬಿಗೆ ಕತ್ತರಿ ಹಾಕಿತು ಎನ್ನುವವರು ಕೆಲವರು. ಇನ್ನೂ ಏರಿಸಬೇಕಿತ್ತು, ಆಗಲಾದರೂ ಬಿಡುತ್ತಿದ್ದರು ಎನ್ನುವವರು ಕೆಲವರು. ಇವರಲ್ಲಿ ಸೇದುವವರ ಮನೆಯವರೇ ಹೆಚ್ಚು. ವಾಣಿಜ್ಯ ತೆರಿಗೆಯ ಕಡತಗಳ ನಡುವೆ ತಲೆ ನರೆತ ನಾನು ಎರಡನೆಯವರ ಪಕ್ಷ. ತಂಬಾಕಿಗೆ ತೆರಿಗೆ ಬೀಳಬೇಕು, ಗಟ್ಟಿಯಾಗಿಯೇ ಬೀಳಬೇಕು. ಆದರೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಅದು ತಟ್ಟಬೇಕಾದಲ್ಲಿ ತಟ್ಟುತ್ತಿಲ್ಲ ಎಂಬುದೇ ನನ್ನ ತಕರಾರು.

ಮೊದಲು ಲೆಕ್ಕ ನೋಡೋಣ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಸಿಗರೇಟಿಗೆ ಶೇ 28ರ ದರ, ಅದರ ಮೇಲೆ ರಾಜ್ಯಗಳ ನಷ್ಟ ತುಂಬಿಕೊಡುವ ಪರಿಹಾರ ಸೆಸ್ ಇತ್ತು. ಈಗ ಆ ಸೆಸ್ ಹೋಗಿದೆ, ಜಿಎಸ್‌ಟಿ ಶೇ 40 ಆಗಿದೆ. ಜೊತೆಗೆ ಕೇಂದ್ರ ಅಬಕಾರಿ ಸುಂಕ ಸಾವಿರ ಸಿಗರೇಟಿಗೆ 2,050 ರೂಪಾಯಿಯಿಂದ 8,500 ರೂಪಾಯಿಯವರೆಗೆ. ಅಂದರೆ ಒಂದು ಸಿಗರೇಟಿನ ಮೇಲೆ ಬರೀ ಅಬಕಾರಿ ಸುಂಕವೇ ಎರಡು ರೂಪಾಯಿ ಐದು ಪೈಸೆಯಿಂದ ಎಂಟೂವರೆ ರೂಪಾಯಿ. ಯಾವ ಸಿಗರೇಟಿಗೆ ಎಷ್ಟು ಎಂಬುದು ಮುಖ್ಯವಾಗಿ ಅದರ ಉದ್ದದ ಮೇಲೆ ಹೋಗುತ್ತದೆ. ಹೌದು, ಇದು ಅಳತೆಪಟ್ಟಿ ಹಿಡಿದು ಹಾಕುವ ತೆರಿಗೆ. 1987ರಿಂದ ಪದ್ಧತಿ ಹೀಗೇ ಇದೆ. 65 ಮಿಲಿಮೀಟರ್ ದಾಟದ ಸಿಗರೇಟಿಗೆ ಸುಂಕ ಕಡಿಮೆ ಎಂದರೆ ಕಂಪನಿಗಳು 64 ಮಿಲಿಮೀಟರಿನ ಗಿಡ್ಡ ಸಿಗರೇಟನ್ನು ಮಾರುಕಟ್ಟೆಗೆ ಬಿಟ್ಟವು. 2014ರ ಬಜೆಟ್ಟಿನಲ್ಲಿ ಆ ಗಿಡ್ಡ ಸಿಗರೇಟಿನ ಸುಂಕವನ್ನು ಒಂದೇ ಏಟಿಗೆ ಶೇ 72ರಷ್ಟು ಏರಿಸಲಾಯಿತು. ತೆರಿಗೆ ಹಾಕುವವನು ಚಾಪೆಯ ಕೆಳಗೆ ತೂರಿದರೆ ತಪ್ಪಿಸಿಕೊಳ್ಳುವವನು ರಂಗೋಲಿಯ ಕೆಳಗೆ ತೂರುತ್ತಾನೆ. ಇದು ನಮ್ಮ ಇಲಾಖೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಜಿಎಸ್‌ಟಿಗೆ ಮೊದಲು ಇನ್ನೊಂದು ಪೀಕಲಾಟವಿತ್ತು. ಆಗ ರಾಜ್ಯಕ್ಕೊಂದು ವ್ಯಾಟ್ ದರ. ಬೀದರಿನಿಂದ ಒಂದು ಕಡೆ ತೆಲಂಗಾಣದ ಜಹೀರಾಬಾದ್, ಇನ್ನೊಂದು ಕಡೆ ಮಹಾರಾಷ್ಟ್ರದ ಉದಗೀರ; ಬಸ್ ಹತ್ತಿ ಹೋಗಿ ಬರುವ ದೂರ. ದರದಲ್ಲಿ ಅಂತರವಿದ್ದರೆ ಸರಕು ಅಗ್ಗದ ಕಡೆಯಿಂದ ತುಟ್ಟಿಯ ಕಡೆಗೆ ತಾನಾಗಿ ಹರಿಯುತ್ತದೆ. ಈಗ ದೇಶಕ್ಕೆಲ್ಲ ಒಂದೇ ದರ ಆದ್ದರಿಂದ ಆ ಆಸೆ ಇಲ್ಲ. ತೆರಿಗೆ ಏರಿಸಿದರೆ ಕಳ್ಳಸಾಗಣೆ ಹೆಚ್ಚುತ್ತದೆ ಎಂದು ಸಿಗರೇಟು ಕಂಪನಿಗಳು ಪ್ರತಿ ಬಜೆಟ್ಟಿನ ಮುಂದೆಯೂ ಹೇಳುತ್ತವೆ. ವಿದೇಶದಿಂದ ಕಳ್ಳದಾರಿಯಲ್ಲಿ ಬರುವ ಮಾಲು ಸುಳ್ಳಲ್ಲ. ಆದರೆ ಕಳ್ಳನನ್ನು ಹಿಡಿಯಲಾಗದು, ಆದ್ದರಿಂದ ಸಾಹುಕಾರನ ತೆರಿಗೆ ಇಳಿಸಿ ಎಂಬ ವಾದ ಬೇರೆ ಯಾವ ಸರಕಿನ ವಿಷಯದಲ್ಲೂ ಸಲ್ಲುವುದಿಲ್ಲ, ಇಲ್ಲೂ ಸಲ್ಲಬಾರದು.

ಬೆಲೆ ಏರಿದರೆ ಸೇದುವುದು ಕಡಿಮೆಯಾಗುತ್ತದೆಯೇ? ಆಗುತ್ತದೆ. ಬೆಲೆ ಶೇ 10ರಷ್ಟು ಏರಿದರೆ ನಮ್ಮಂಥ ದೇಶಗಳಲ್ಲಿ ಬಳಕೆ ಸುಮಾರು ಶೇ 5ರಷ್ಟು ಇಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಿಲ್ಲರೆ ಬೆಲೆಯ ಮುಕ್ಕಾಲು ಪಾಲು ತೆರಿಗೆಯೇ ಇರಬೇಕು ಎಂಬುದು ಅದರ ಶಿಫಾರಸು. ಎಲ್ಲರಿಗಿಂತ ಮೊದಲು ಕೈ ಹಿಂದೆಗೆಯುವವರು ಹುಡುಗರು, ಏಕೆಂದರೆ ಅವರ ಜೇಬು ಚಿಕ್ಕದು, ಚಟವೂ ಇನ್ನೂ ಎಳೆಯದು.

ಆದರೆ ಈ ಲೆಕ್ಕ ಪ್ಯಾಕೆಟ್ ಕೊಳ್ಳುವವನಿಗೆ. ನಮ್ಮ ಊರುಗಳಲ್ಲಿ ಪ್ಯಾಕೆಟ್ ಕೊಳ್ಳುವವರು ಎಷ್ಟು ಜನ?

ಬಸ್ ನಿಲ್ದಾಣದ ಹೊರಗಿನ ಯಾವುದಾದರೂ ಗೂಡಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಹಲಗೆಯ ಮೇಲೆ ಒದ್ದೆ ಬಟ್ಟೆ ಹೊದಿಸಿದ ಎಲೆ, ಸುಣ್ಣದ ಡಬ್ಬಿ, ಪಕ್ಕದಲ್ಲಿ ಬಾಯಿ ತೆರೆದಿಟ್ಟ ಸಿಗರೇಟಿನ ಪ್ಯಾಕೆಟ್. ಕಂಬಕ್ಕೆ ದಾರ ಕಟ್ಟಿ ತೂಗಿಬಿಟ್ಟ ಲೈಟರ್. ಬಂದವನು ಬ್ರ್ಯಾಂಡಿನ ಹೆಸರನ್ನೂ ಹೇಳುವುದಿಲ್ಲ, ಅಂಗಡಿಯವನಿಗೆ ಮುಖದ ಗುರುತು ಸಾಕು. ಒಂದನ್ನು ಎಳೆದು ಕೊಡುತ್ತಾನೆ. ಇವನು ದಾರ ಜಗ್ಗಿ ಹೊತ್ತಿಸಿಕೊಂಡು ಫೋನ್ ತೋರಿಸಿ ಹಣ ಕಳಿಸುತ್ತಾನೆ. ಹತ್ತು ಸಿಗರೇಟಿನ ಪ್ಯಾಕೆಟ್ಟಿನ ಬೆಲೆ ಮೂವತ್ತು ರೂಪಾಯಿ ಏರಿತು ಎಂದಿಟ್ಟುಕೊಳ್ಳಿ. ಪ್ಯಾಕೆಟ್ ಕೊಳ್ಳುವವನು ಒಮ್ಮೆ ಬೆಚ್ಚುತ್ತಾನೆ. ಬಿಡಿ ಕೊಳ್ಳುವವನಿಗೆ ಅದು ಮೂರೇ ರೂಪಾಯಿ, ಗೊಣಗಿ ಕೊಡುತ್ತಾನೆ. ಇನ್ನೂ ಒಂದು ಮಾತಿದೆ. 2016ರ ಏಪ್ರಿಲ್‌ನಿಂದ ಪ್ಯಾಕೆಟ್ಟಿನ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಲೇಬೇಕು. ಆ ಕೊಳೆತ ಬಾಯಿಯ ಚಿತ್ರವನ್ನು ದಿನವಿಡೀ ನೋಡುವವನು ಅಂಗಡಿಯವನು. ಸೇದುವವನ ಕೈಗೆ ಬರುವುದು ಬೆಳ್ಳಗಿನ, ನಿರಪರಾಧಿಯಂತೆ ಕಾಣುವ ಒಂದು ಕೊಳವೆ.

ಬಿಡಿ ಮಾರಾಟವನ್ನು ಕರ್ನಾಟಕ 2017ರಲ್ಲೇ ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯೂ ಅದನ್ನೇ ಹೇಳುತ್ತದೆ. ಕೊಳ್ಳುವವರ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿದೆ, ಹುಕ್ಕಾ ಬಾರ್‌ಗಳಿಗೆ ಬೀಗ ಬಿದ್ದಿದೆ, ನಡೆಸಿದವರಿಗೆ ಜೈಲು ಇದೆ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿ ಇದ್ದದ್ದು 1,000 ರೂಪಾಯಿ ಆಗಿದೆ. ಹುಕ್ಕಾ ಬಾರ್ ಮುಚ್ಚಿಸಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಫೋಟೊ ಸಮೇತ. ಗೂಡಂಗಡಿಯ ತೆರೆದ ಪ್ಯಾಕೆಟ್ ಯಾರಿಗೂ ಸುದ್ದಿಯಲ್ಲ. ಅಂಗಡಿಯವನನ್ನು ಹಿಡಿದು ಹಾಕಿ ಎಂದು ನಾನು ಹೇಳುತ್ತಿಲ್ಲ, ಅವನ ಲಾಭ ಪೈಸೆಗಳಲ್ಲಿದೆ. ಅವನಿಗೆ ಮಾಲು ಹಾಕಿ ಹೋಗುವ ವಿತರಕನಿಗೆ ಯಾವ ಅಂಗಡಿಯಲ್ಲಿ ಹೇಗೆ ಮಾರಾಟವಾಗುತ್ತದೆ ಎಂಬುದು ಗೊತ್ತೇ ಇರುತ್ತದೆ. ಹೊಣೆ ಅಲ್ಲಿಂದ ಶುರುವಾಗಲಿ.

ಈಗ ಬೀಡಿಯ ಮಾತು. ನಿಜಾಮರ ಸಂಸ್ಥಾನದಲ್ಲಿದ್ದ ನಮ್ಮ ಭಾಗದ ಹಿರಿಯರಿಗೆ ಸಿಗರೇಟು ಎಂದರೆ ಹೈದರಾಬಾದಿನ ಚಾರ್ಮಿನಾರ್. 1930ರಲ್ಲಿ ಶುರುವಾದ ವಜೀರ್ ಸುಲ್ತಾನ್ ಕಂಪನಿಯ ಮಾಲು. ಅದು ಕಾರಕೂನರ, ಮೇಷ್ಟ್ರುಗಳ, ವಕೀಲರ ಸಿಗರೇಟಾಗಿತ್ತು. ನೆಹರು ಗಂಜಿನಲ್ಲಿ ತೊಗರಿ ಚೀಲ ಹೊರುವ ಹಮಾಲ, ಶಹಾಬಾದಿನ ಕಲ್ಲು ಗಣಿಯ ಕೂಲಿ, ಹೊಲದ ಬದುವಿನಲ್ಲಿ ಕೂತ ರೈತ ಅಂದೂ ಬೀಡಿ ಸೇದುತ್ತಿದ್ದರು, ಇಂದೂ ಬೀಡಿಯೇ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ 4, ಬೀಡಿ ಸೇದುವವರು ಶೇ 7.7. ಚರ್ಚೆ ಮಾತ್ರ ಸಿಗರೇಟಿನದೇ, ಏಕೆಂದರೆ ಚರ್ಚೆ ಮಾಡುವವರು ಸೇದುವುದು ಅದನ್ನೇ.

ಬೀಡಿಗೆ ತೆರಿಗೆ ಏನಾಯಿತು ಗೊತ್ತೇ? ಸಿಗರೇಟಿನ ಜಿಎಸ್‌ಟಿ ಶೇ 28ರಿಂದ 40ಕ್ಕೆ ಏರಿದ ದಿನವೇ ಬೀಡಿಯದು ಶೇ 28ರಿಂದ 18ಕ್ಕೆ ಇಳಿಯಿತು. ಬೀಡಿ ಎಲೆಯ ತೆರಿಗೆ ಶೇ 18ರಿಂದ 5ಕ್ಕೆ ಬಂತು. ಬೀಡಿ ಕಟ್ಟುವ ಬಡ ಹೆಂಗಸರ ಹೊಟ್ಟೆಪಾಡು ಇದಕ್ಕೆ ಕೊಟ್ಟ ಕಾರಣ. ಹೊಟ್ಟೆಪಾಡು ನಿಜ. ಪಕ್ಕದ ಸೊಲ್ಲಾಪುರದಲ್ಲಿ ಸಾವಿರಾರು ಹೆಣ್ಣುಮಕ್ಕಳು ಮೊರ ಮುಂದಿಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ ಸಾವಿರದ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ಆದರೆ ಇಳಿದ ತೆರಿಗೆ ಅವರ ಕೂಲಿಗೆ ಸೇರಬೇಕೆಂದು ಯಾವ ಕಟ್ಟಳೆಯೂ ಇಲ್ಲ. ಅವರಿಗಾಗಿ 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂದಿತ್ತು. ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ಆ ನಿಧಿಯಿಂದ. ಅದಕ್ಕೆ ಹಣ ತರುತ್ತಿದ್ದ ಬೀಡಿ ಸೆಸ್ಸನ್ನು ಜಿಎಸ್‌ಟಿ ಬಂದಾಗ ಕಿತ್ತುಹಾಕಲಾಯಿತು. ನಿಜವಾಗಿ ಅವರ ಮೇಲೆ ಕನಿಕರವಿದ್ದರೆ ಬೀಡಿಯ ಮೇಲೆ ತೆರಿಗೆ ಹಾಕಿ ಆ ಹಣವನ್ನು ಅವರ ಆಸ್ಪತ್ರೆಗೆ, ಬೇರೆ ಕಸುಬು ಕಲಿಸುವುದಕ್ಕೆ ಕೊಡಬೇಕಿತ್ತು. ಕಟ್ಟುವವಳ ಹೆಸರಿನಲ್ಲಿ ಸೇದುವವನಿಗೆ ವಿಷವನ್ನು ಅಗ್ಗ ಮಾಡುವುದು ನನ್ನ ಮಟ್ಟಿಗೆ ಕನಿಕರವಲ್ಲ.

ವಿಷ ಎಂದದ್ದು ಬಾಯಿತಪ್ಪಿ ಅಲ್ಲ. ಬೀಡಿ ಎಲೆಯದು, ನಾಟಿ ಮಾಲು, ಅಷ್ಟೇನೂ ಕೆಡುಕಿಲ್ಲ ಎಂದು ನಂಬಿದವರು ನಮ್ಮಲ್ಲಿ ಬಹಳ. ಬೀಡಿಯ ಹೊಗೆಯಲ್ಲಿ ನಿಕೋಟಿನ್, ಟಾರ್, ಇಂಗಾಲದ ಮಾನಾಕ್ಸೈಡ್ ಸಿಗರೇಟಿಗಿಂತ ಹೆಚ್ಚು. ಅದು ಆರಿಹೋಗದಂತೆ ಮೇಲಿಂದ ಮೇಲೆ ಜೋರಾಗಿ ದಮ್ಮು ಎಳೆಯಬೇಕು. ದಿನವಿಡೀ ಕಲ್ಲಿನ ದೂಳು ಕುಡಿದ ಎದೆಗೆ ಇದೂ ಸೇರುತ್ತದೆ. ಕ್ಷಯರೋಗಕ್ಕೂ ಹೊಗೆಗೂ ಇರುವ ನಂಟು ವೈದ್ಯರು ಒಪ್ಪಿದ ಮಾತು.

ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವ ತಂಬಾಕನ್ನು ಮರೆತಿಲ್ಲ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂದವು. ಬಾಯಿಯಲ್ಲಿ ಎರಡೂ ಒಂದಾಗುತ್ತವೆ. ಅದು ಇನ್ನೊಂದು ದಿನದ ಭಾಷಣಕ್ಕೆ ಸಾಕಾಗುವ ವಿಷಯ.

ನಿರ್ಬಂಧಗಳಿಗೆ ಬರುತ್ತೇನೆ. ‘ನನ್ನ ದುಡ್ಡು, ನನ್ನ ಎದೆ, ನಿಮಗೇನು?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕಾನೂನು ಕೂಡ ಸೇದಬೇಡ ಎಂದು ಹೇಳಿಲ್ಲ, ಇಲ್ಲಿ ಸೇದಬೇಡ ಎಂದಿದೆ. ಅವನ ಹೊಗೆ ಅವನ ಎದೆಯಲ್ಲೇ ನಿಲ್ಲುವುದಾದರೆ ವಾದವೇ ಇರುತ್ತಿರಲಿಲ್ಲ. ಚಹಾ ಅಂಗಡಿಯಲ್ಲಿ ಲೋಟ ತೊಳೆಯುವ ಹುಡುಗನನ್ನು ಯಾರಾದರೂ ಕೇಳಿದ್ದಾರೆಯೇ? 2003ರ ಕೇಂದ್ರ ತಂಬಾಕು ಕಾಯ್ದೆಯಡಿ ಸಾರ್ವಜನಿಕ ಸ್ಥಳಗಳ ನಿಯಮ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಬಯಲು ಜಾಗಕ್ಕೆ ವಿನಾಯಿತಿ ಇದ್ದರೂ ಬಸ್ ನಿಲ್ದಾಣ, ರೈಲು ನಿಲ್ದಾಣಕ್ಕೆ ಇಲ್ಲ. ಮೂವತ್ತು ಕೋಣೆಗಳ ಹೋಟೆಲ್‌ಗೆ ಧೂಮಪಾನದ ಪ್ರತ್ಯೇಕ ಜಾಗ ಮಾಡಿಕೊಳ್ಳಲು ಆ ಕಾಯ್ದೆ ಅವಕಾಶ ಕೊಟ್ಟಿತು. ಉಳ್ಳವನಿಗೆ ಗಾಜಿನ ಕೋಣೆ, ಹಮಾಲನಿಗೆ ದಂಡದ ರಸೀದಿ ಎಂದು ಯಾರಾದರೂ ಕುಟುಕಿದರೆ ನನ್ನ ಬಳಿ ಉತ್ತರವಿಲ್ಲ.

ಆ ನಿಯಮದ ಪ್ರಕಾರ ಪ್ರವೇಶದ್ವಾರದಲ್ಲಿ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಫಲಕ ಇರಬೇಕು. ಯಾರಾದರೂ ಸೇದಿದರೆ ಯಾರಿಗೆ ದೂರು ಕೊಡಬೇಕು ಎಂಬ ಹೆಸರೂ ಅಲ್ಲಿ ಕಾಣಬೇಕು. ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಆ ಫಲಕ ನೋಡಿದೆ. ಅಚ್ಚುಕಟ್ಟಾಗಿದೆ, ಸಿಗರೇಟಿನ ಮೇಲೆ ಕೆಂಪು ಗೆರೆ ಇದೆ, ಹೆಸರು ಎಂದು ಬರೆದ ಮುಂದೆ ಚುಕ್ಕೆಗಳ ಸಾಲು. ಚುಕ್ಕೆಗಳ ಮೇಲೆ ಯಾರೂ ಏನೂ ಬರೆದಿಲ್ಲ. ಸಾವಿರ ರೂಪಾಯಿ ದಂಡಕ್ಕಿಂತ ಆ ಖಾಲಿ ಜಾಗದಲ್ಲಿ ಒಂದು ಹೆಸರು ತುಂಬುವುದು ಹೆಚ್ಚು ಕೆಲಸ ಮಾಡುತ್ತದೆ ಎಂದು ನನ್ನ ಎಣಿಕೆ. ಉದ್ಯೋಗ ಖಾತರಿಯ ಕೂಲಿ 2025ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಬಡವನ ಸುಮಾರು ಮೂರು ದಿನದ ಕೂಲಿಯನ್ನು ದಂಡವಾಗಿ ಬರೆಯಲು ಸಿಬ್ಬಂದಿಯ ಕೈ ಬರುವುದಿಲ್ಲ. ಗದರಿಸಿ ಬಿಡುತ್ತಾರೆ, ಇಲ್ಲವೇ ರಸೀದಿ ಇಲ್ಲದೆ ಮುಗಿಸುತ್ತಾರೆ. ದಂಡ ಚಿಕ್ಕದಿರಲಿ, ತಪ್ಪದೆ ಬೀಳಲಿ.

ಸರ್ಕಾರಕ್ಕೆ ತೆರಿಗೆ ಬೇಕು, ಆದ್ದರಿಂದಲೇ ಸಿಗರೇಟು ಮುಚ್ಚಿಸುವುದಿಲ್ಲ ಎಂಬ ಚುಚ್ಚುಮಾತೂ ಇದೆ. ಸರ್ಕಾರಿ ಸ್ವಾಮ್ಯದ ಎಲ್‌ಐಸಿಯೇ ಸಿಗರೇಟು ತಯಾರಿಸುವ ಐಟಿಸಿಯ ದೊಡ್ಡ ಷೇರುದಾರರಲ್ಲಿ ಒಂದು ಎಂಬುದನ್ನು ನೋಡಿದರೆ ಆ ಮಾತಿಗೆ ಮುನಿಸಿಕೊಳ್ಳಲಾಗದು. ಬಂದ ಹಣದಲ್ಲಿ ಎಷ್ಟು ಪಾಲು ಚಟ ಬಿಡಿಸುವ ಕೆಲಸಕ್ಕೆ ಹೋಗುತ್ತದೆ ಎಂದು ಪ್ರತಿ ಜಿಲ್ಲೆಯಲ್ಲೂ ಲೆಕ್ಕ ಕೇಳಬೇಕು. ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರದ ಬಾಗಿಲಿಗೆ ಬರುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಅದಕ್ಕೂ ಮೊದಲು, ತಾಲ್ಲೂಕು ಆಸ್ಪತ್ರೆಯಲ್ಲೇ ಬಿಡಿಸುವ ಸಲಹೆ, ಔಷಧ ಸಿಗಬೇಕು.

ಒಂದು ಸವಲತ್ತು ಈಗಾಗಲೇ ಇದೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. 2018ರಿಂದ ಅದರ ಸಂಖ್ಯೆಯನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕುತ್ತಾರೆ. ಬಿಡಿಯಾಗಿ ಕೊಳ್ಳುವವರ ಕಣ್ಣಿಗೆ ಅದು ಬೀಳುವುದೇ ಇಲ್ಲವಾದ್ದರಿಂದ ಇಲ್ಲಿ ಓದುತ್ತೇನೆ, ಪೆನ್ನು ಹಿಡಿದುಕೊಳ್ಳಿ: 1800 11 2356. ಇನ್ನೊಮ್ಮೆ: ಒಂದು ಎಂಟು ಸೊನ್ನೆ ಸೊನ್ನೆ, ಒಂದು ಒಂದು, ಎರಡು ಮೂರು ಐದು ಆರು.

ನಮಸ್ಕಾರ.