ರೀಬಿಲ್ಡ್ ಅರ್ಧಕ್ಕೇ ನಿಂತರೆ ಮತ್ತೆ ಒತ್ತಬೇಡಿ

(ದೃಶ್ಯ: ಮೇಜಿನ ಮೇಲೆ ನಾಲ್ಕು ಹಾರ್ಡ್ ಡಿಸ್ಕ್‌ಗಳು. ಪ್ರತಿಯೊಂದಕ್ಕೂ ಅಂಟಿಸಿದ ಟೇಪಿನ ಮೇಲೆ ಪೆನ್ನಿನಲ್ಲಿ ಬರೆದ 1, 2, 3, 4)

ನಮಸ್ಕಾರ. ಇವು ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಫೋಟೊ ಸ್ಟುಡಿಯೋದಿಂದ ಬಂದವು. ಆರು ವರ್ಷಗಳ ಮದುವೆ ವಿಡಿಯೋಗಳೆಲ್ಲ ಇದರಲ್ಲೇ ಇವೆ. ತಲಾ 4 ಟೆರಾಬೈಟ್, ರೈಡ್ 5 ಜೋಡಣೆ, ಅಂದರೆ ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿ ಸೇರಿ ಒಂದೇ ದೊಡ್ಡ ಡಿಸ್ಕಿನಂತೆ ಕೆಲಸ ಮಾಡುವ ವ್ಯವಸ್ಥೆ. ಎರಡನೆಯ ಡಿಸ್ಕ್ ಕೆಟ್ಟಿತು. ಅದರ ಜಾಗಕ್ಕೆ ಹೊಸದನ್ನು ಹಾಕಿ ರೀಬಿಲ್ಡ್‌ಗೆ, ಅಂದರೆ ಕೆಟ್ಟದ್ದರಲ್ಲಿದ್ದ ಮಾಹಿತಿಯನ್ನು ಹೊಸದರಲ್ಲಿ ಮತ್ತೆ ಕಟ್ಟಲು, ಬಿಟ್ಟರು. ಶೇ 61 ಮುಗಿಯುವಷ್ಟರಲ್ಲಿ ನಾಲ್ಕನೆಯದೂ ಕೈಕೊಟ್ಟಿತು.

ಮಾಲೀಕರು ಫೋನಿನಲ್ಲಿ ಕೇಳಿದರು: "ಸರ್, ಇನ್ನೊಮ್ಮೆ ರೀಬಿಲ್ಡ್ ಒತ್ತಿ ನೋಡಲೇ?"

ಬೇಡ ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ. ಶಟ್‌ಡೌನ್ ಮಾಡಿ, ಯಾವ ಡಿಸ್ಕ್ ಯಾವ ಜಾಗದಲ್ಲಿತ್ತು ಎಂದು ಬರೆದಿಟ್ಟು ಹೊರತೆಗೆಯಿರಿ.

(ದೃಶ್ಯ: ಫಲಕದ ಮೇಲೆ ಚಿತ್ರ)

ರೈಡ್ 5 ಒಂದು ಡಿಸ್ಕ್ ಹೋದರೆ ತಾಳಿಕೊಳ್ಳುತ್ತದೆ, ಎರಡು ಹೋದರೆ ಇಲ್ಲ. ಕಳೆದುಹೋದದ್ದನ್ನು ಲೆಕ್ಕಹಾಕಿ ತುಂಬಲು ಉಳಿದ ಮೂರನ್ನೂ ಮೂಲೆಮೂಲೆಯವರೆಗೆ, ಅಂದರೆ 12 ಟೆರಾಬೈಟ್, ಓದಬೇಕು. ಮನೆಬಳಕೆಯ ಅನೇಕ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಮಿತಿ ಸುಮಾರು 12.5 ಟೆರಾಬೈಟ್ ಓದಿಗೆ ಓದಲಾಗದ ಒಂದು ತಪ್ಪು. ಎಷ್ಟೋ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ ವರ್ಷಗಟ್ಟಲೆ ಯಾರೂ ಮುಟ್ಟದ ಹಳೆಯ ವಿಡಿಯೋದ ಜಾಗ ಹಾಳಾಗಿದ್ದರೆ ಅದು ಬಯಲಾಗುವುದು ರೀಬಿಲ್ಡ್ ದಿನವೇ.

ನಾಲ್ಕನೆಯದು ಸತ್ತಿರಲಿಲ್ಲ. ಕೆಲವು ಸೆಕ್ಟರ್‌ಗಳನ್ನು, ಅಂದರೆ ಮಾಹಿತಿ ಕೂರುವ ಚಿಕ್ಕ ತುಣುಕುಗಳನ್ನು, ಓದಲಾಗದೆ ತಡವರಿಸುತ್ತಿತ್ತು, ಅಷ್ಟಕ್ಕೇ ವ್ಯವಸ್ಥೆ ಅದನ್ನು ಹೊರಹಾಕಿತ್ತು. ಕಟಕಟ ಸದ್ದು ಮಾಡುತ್ತಿದ್ದರೆ ನಾನು ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ಅದು ಧೂಳಿಲ್ಲದ ಕೋಣೆಯಿರುವ ಪ್ರಯೋಗಾಲಯದ ಕೆಲಸ.

ಮೊದಲು ಪ್ರತಿ ಡಿಸ್ಕ್‌ಗೂ ನಕಲು. ಡಿಡಿರೆಸ್ಕ್ಯೂ ಎಂಬ ನಕಲು ತೆಗೆಯುವ ತಂತ್ರಾಂಶ ಮೊದಲು ಸಲೀಸಾಗಿ ಓದುವುದನ್ನೆಲ್ಲ ಬಾಚಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದಿದೆ ಎಂಬ ನಕ್ಷೆಯ ಕಡತವನ್ನೂ ಇಡುತ್ತದೆ, ಹಾಗಾಗಿ ಕರೆಂಟ್ ಹೋದರೂ ಶುರುವಿನಿಂದ ಮಾಡಬೇಕಿಲ್ಲ. ನಾಲ್ಕನೆಯದಕ್ಕೆ ಎರಡು ಹಗಲು, ಎರಡು ರಾತ್ರಿ ಹಿಡಿಯಿತು.

(ದೃಶ್ಯ: ಪರದೆಯ ಮೇಲೆ ಅಂಕಿಗಳು)

ಪೆಟ್ಟಿಗೆಯೊಳಗೆ ಓಡುತ್ತಿದ್ದದ್ದು ಲಿನಕ್ಸ್. ಅದರಲ್ಲಿ ರೈಡ್ ನಿರ್ವಹಿಸುವ ಎಂಡಿಆ್ಯಡ್ಮ್ ತಂತ್ರಾಂಶದಿಂದ ಪರೀಕ್ಷಿಸಿದಾಗ ಸಿಕ್ಕ ಈವೆಂಟ್ ಸಂಖ್ಯೆ ನೋಡಿ. ಜೋಡಣೆಯಲ್ಲಿ ಬದಲಾವಣೆಗಳಾದಂತೆ ಏರುತ್ತಾ ಹೋಗುವ ಎಣಿಕೆ ಇದು. ಒಂದು ಮತ್ತು ಮೂರನೆಯದರಲ್ಲಿ 48210, ನಾಲ್ಕನೆಯದರಲ್ಲಿ 48207. ಕೇವಲ ಮೂರರ ವ್ಯತ್ಯಾಸ! ಕೆಟ್ಟ ಎರಡನೆಯದು 31900ರಲ್ಲೇ ನಿಂತಿದೆ, ಅದರ ಮಾಹಿತಿ ಹಳತು. ಆದ್ದರಿಂದ ಎರಡನೆಯದನ್ನು ಪಕ್ಕಕ್ಕಿಟ್ಟು, ಮಿಕ್ಕ ಮೂರರ ನಕಲುಗಳನ್ನು ಬಲವಂತವಾಗಿ ಜೋಡಿಸಿ, ಓದುವುದಕ್ಕೆ ಮಾತ್ರ ತೆರೆದೆ. ಹೊಸ ಜೋಡಣೆ ಕಟ್ಟುವ 'ಕ್ರಿಯೇಟ್' ಆಜ್ಞೆಯನ್ನು ಮೂಲ ಡಿಸ್ಕ್‌ಗಳ ಮೇಲೆ ಎಂದೂ ಕೊಡಬೇಡಿ. ಅದು ಹಳೆಯ ಗುರುತುಗಳ ಮೇಲೆ ಹೊಸದನ್ನು ಬರೆಯುತ್ತದೆ. ಡಿಸ್ಕ್‌ಗಳ ಕ್ರಮ ಒಂದು ತಪ್ಪಿದರೆ ಉಳಿದದ್ದೂ ಹಾಳು.

(ದೃಶ್ಯ: ಫೋಲ್ಡರ್ ತೆರೆಯುತ್ತದೆ)

ಎರಡು ವಿಡಿಯೋಗಳಲ್ಲಿ ಅಲ್ಲಲ್ಲಿ ಚಿತ್ರ ಒಡೆದಿದೆ. ಮಿಕ್ಕವು ಬಂದಿವೆ. ಮಾಲೀಕರು ಮೊದಲು ತೆರೆಯಲು ಹೇಳಿದ್ದು ತಮ್ಮ ಮಗಳ ಧಾರೆಯ ವಿಡಿಯೋ. ವಾಲಗದ ಸದ್ದು ಕೇಳುತ್ತಿದ್ದಂತೆ ಕುರ್ಚಿ ಎಳೆದುಕೊಂಡು ಕುಳಿತರು.